ಲಿಫ್ಟಣ್ಣ ಕಾಯುತ್ತಿದ್ದ ಮಹಡಿ

ಒಂದೇ ಒಂದು ಪೋಸ್ಟರಿನಿಂದ ಐದು ಮಹಡಿಯ ಕಟ್ಟಡದ ಜನರನ್ನೆಲ್ಲ ಮೆಟ್ಟಿಲು ಹತ್ತಿಸಿದವನು ನಾನು. ಇಂಥ ಇನ್ನೊಬ್ಬನನ್ನು ತೋರಿಸಿ, ಮೀಸೆ ಬೋಳಿಸಿಕೊಳ್ಳುತ್ತೇನೆ.

ಆರೋಗ್ಯ ಸಂವರ್ಧನೆಯ ಸ್ನಾತಕೋತ್ತರ ತರಗತಿಗೆ ಪಾಠ ಹೇಳುವುದು ನನ್ನ ಕಸುಬು. ಕಾಯಿಲೆ ಬಂದಮೇಲೆ ಮದ್ದು ಕೊಡುವವರು ಡಾಕ್ಟರು. ಬಾರದ ಹಾಗೆ ಜನರ ಅಭ್ಯಾಸ ತಿದ್ದಬೇಕಾದವರು ನನ್ನ ಶಿಷ್ಯರು. ನಮ್ಮ ವಿಭಾಗ ಐದನೇ ಮಹಡಿಯಲ್ಲಿ. ಮೂರನೆಯದರಲ್ಲಿ ಕಾಲುನೋವಿನವರಿಗೆ ವ್ಯಾಯಾಮ ಮಾಡಿಸುವ ಚಿಕಿತ್ಸಾಲಯ, ಉಳಿದವುಗಳಲ್ಲಿ ಆಫೀಸುಗಳು.

ಆದರೆ ಈ ಕತೆ ಲಿಫ್ಟಣ್ಣನದು. ಇಪ್ಪತ್ತೆರಡು ವರ್ಷ ಲಿಫ್ಟಿನೊಳಗೆ ಅದೇ ಸ್ಟೂಲಿನ ಮೇಲೆ ಕೂತವನು. ಜಾಲರಿ ಬಾಗಿಲು ಎಳೆದೆಳೆದು ಅವನ ಬಲಗೈ ಎಡಗೈಗಿಂತ ಎರಡು ಪಟ್ಟು ದಪ್ಪವಾಗಿತ್ತು. ಲಿಫ್ಟು ಎಷ್ಟು ನಿಧಾನವೆಂದರೆ, ಕೆಳಗೆ ನುಣ್ಣಗೆ ಕ್ಷೌರ ಮಾಡಿಕೊಂಡು ಹತ್ತಿದವನು ಮೇಲೆ ಗಡ್ಡ ಕೆರೆದುಕೊಳ್ಳುತ್ತಾ ಇಳಿಯುತ್ತಿದ್ದ. ಅಷ್ಟು ಹೊತ್ತಿನಲ್ಲಿ ಯಾರಿಗೆ ಮಂಡಿನೋವು, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಸೊಸೆ ಬಸುರಿ, ಎಲ್ಲವೂ ಅವನಿಗೆ ಬಾಯಿಪಾಠವಾಗುತ್ತಿತ್ತು.

ನನ್ನ ಪೋಸ್ಟರಿನಲ್ಲಿ ನಗುವ ಹೃದಯವೊಂದು ಕೆಂಪು ಬೂಟು ಹಾಕಿಕೊಂಡು ಮೆಟ್ಟಿಲು ಹತ್ತುತ್ತಿತ್ತು. ಅದನ್ನು ಮಹಡಿಗೊಂದರಂತೆ ಅಂಟಿಸಿದೆವು. ವಿದ್ಯಾರ್ಥಿಗಳು ಮೆಟ್ಟಿಲ ಬುಡದಲ್ಲಿ ಕೂತು ತಲೆ ಎಣಿಸಿದರು. ಗಂಟೆಗೆ ನಲವತ್ತು ಮಂದಿ ಹತ್ತುತ್ತಿದ್ದ ಕಡೆ ಎರಡು ತಿಂಗಳಲ್ಲಿ ನೂರಾ ಮೂವತ್ತು! ನಾನು ನೆಲದಿಂದ ಒಂದು ಗೇಣು ಮೇಲೆಯೇ ಓಡಾಡತೊಡಗಿದೆ. ನಿರ್ದೇಶಕರಿಗೆ ವರದಿ ಕೊಟ್ಟೆ.

ಅವರು ಅದನ್ನು ನನಗಿಂತ ಚೆನ್ನಾಗಿ ಓದಿದರು. "ಲಿಫ್ಟ್ ಖಾಲಿ ಓಡ್ತಿದೆ ಅಂದ್ಮೇಲೆ ಅದರೊಳಗೊಬ್ಬ ಆಳು ಯಾಕ್ರೀ? ಗುಂಡಿ ಅವರವರೇ ಒತ್ಕೊಳ್ಳಲಿ."

ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆಂಬ ಕಾಗದ ಲಿಫ್ಟಣ್ಣನ ಕೈಗೆ ಬಂತು. ಓದಿದ, ಮಡಿಸಿ ಜೇಬಿಗಿಟ್ಟ. "ಐದನೇದಾ ಸಾರ್?" ಎಂದ, ಎಂದಿನಂತೆ.

ತಿಂಗಳು ಮುಗಿಯಲು ಇನ್ನು ನಾಲ್ಕು ದಿನ ಉಳಿದಿತ್ತು. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ವಿದ್ಯಾರ್ಥಿನಿ ನನ್ನ ಕೋಣೆಗೆ ಬಂದಳು.

"ಸಾರ್, ಹತ್ತೋರನ್ನ ನಿಲ್ಸಿ ಕೇಳ್ದೆ. ಅರವತ್ತು ಜನಾನ. ಪೋಸ್ಟರ್ ನೋಡಿದ್ರಾ ಅಂದ್ರೆ, ಯಾವ ಪೋಸ್ಟರ್ ಅಂತಾರೆ."

"ಮತ್ಯಾಕಮ್ಮ ಹತ್ತುತಾರಂತೆ?"

"ಲಿಫ್ಟಣ್ಣ ಹೇಳ್ದ ಅಂತ."

ನಾಲ್ಕನೇ ಮಹಡಿಯ ಟೈಪಿಸ್ಟಮ್ಮ ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದರು. "ಅಕ್ಕಾ, ಒಂದನೇ ಮಹಡಿವರೆಗೆ ಹತ್ತಿ ಬನ್ನಿ, ಅಲ್ಲಿ ಬಾಗಿಲು ತೆಗ್ದು ಕಾಯ್ತಿರ್ತೀನಿ. ಏದುಸಿರು ಬಂದ್ರೆ ಒಳಗೆ ಬನ್ನಿ" ಎಂದಿದ್ದನಂತೆ ಲಿಫ್ಟಣ್ಣ. ಮುಂದಿನ ವಾರ ಎರಡನೇ ಮಹಡಿಯಲ್ಲಿ ಕಾದ. ಆಮೇಲೆ ಮೂರರಲ್ಲಿ. ಆರನೇ ವಾರಕ್ಕೆ ಆಕೆ ಲಿಫ್ಟನ್ನೇ ಮರೆತರು. ಮಂಡಿ ಸವೆದವರ ಮುಂದೆ ಮಾತ್ರ ಅವನು ಈ ಮಾತು ಎತ್ತಿದವನೇ ಅಲ್ಲ.

ನಾನು ಅವನನ್ನೇ ಕೇಳಿದೆ. "ಅಲ್ಲಯ್ಯಾ, ಯಾಕೆ ಇದೆಲ್ಲ?"

"ಮೂರನೇದಕ್ಕೆ ಊರುಗೋಲು ಹಿಡ್ಕೊಂಡು ಬರೋರು ಅರ್ಧರ್ಧ ಗಂಟೆ ನಿಂತಿರ್ತಿದ್ರು ಸಾರ್. ಗಟ್ಟಿ ಕಾಲಿನೋರು ಒಳಗೆ ತುಂಬ್ಕೊಂಡಿರ್ತಿದ್ರು. ಜಾಗ ಮಾಡ್ದೆ, ಅಷ್ಟೆ."

"ನನ್ನ ಪೋಸ್ಟರು?"

"ಬೂಟು ತುಂಬ ಚೆನ್ನಾಗಿ ಬಂದಿದೆ ಸಾರ್."

ವರದಿಯನ್ನು ಮತ್ತೆ ಬರೆದೆ. ನನ್ನ ಹೆಸರಿದ್ದ ಕಡೆಯೆಲ್ಲ ಅವನದನ್ನು ಹಾಕುವಾಗ ಪೆನ್ನು ಒನಕೆಯಷ್ಟು ಭಾರವಾಯಿತು.

ನಿರ್ದೇಶಕರು ಕನ್ನಡಕದ ಮೇಲಿಂದ ನೋಡಿದರು. "ಹಾಗಾದ್ರೆ ನೀವೇನು ಮಾಡಿದ್ರಿ?"

"ಅಂಟಿಸಿದ್ವಿ."

ಲಿಫ್ಟಣ್ಣನ ಕೆಲಸ ಉಳಿಯಿತು. ಆ ವರ್ಷದಿಂದ ನಮ್ಮಲ್ಲಿ ಪೋಸ್ಟರಿಗೆ ಕುಂಚ ಹಿಡಿಯುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಲಿಫ್ಟಿನ ಮೂಲೆಯಲ್ಲಿ ಒಂದು ವಾರ ಬಾಯಿ ಮುಚ್ಚಿಕೊಂಡು, ಕಿವಿ ತೆರೆದುಕೊಂಡು ನಿಲ್ಲಬೇಕು. ಹೊಸ ತಂಡ ಬಂದಾಗ ನಾನೇ ಅವನನ್ನು ಕರೆದೆ.

"ನಾಳೆ ಹತ್ತು ಗಂಟೆಗೆ ಮೊದಲ್ನೇ ಪಾಠ ನಿಂದೇ ಕಣಯ್ಯಾ. ಜನರ ಅಭ್ಯಾಸ ಬದಲಾಯ್ಸೋದು ಹೇಗೇಂತ ನಮ್ಮ ಹುಡುಗರಿಗೆ ಹೇಳ್ಕೊಡ್ಬೇಕು."

ನಾನು ಲಿಫ್ಟಿನೊಳಗೆ ಕಾಲಿಡುವಷ್ಟರಲ್ಲಿ ಅವನು ಜಾಲರಿ ಬಾಗಿಲನ್ನು ಅರ್ಧ ಎಳೆದು ಹಿಡಿದ.

"ಆಗ್ಲಿ ಸಾರ್, ಬರ್ತೀನಿ. ನಿಮ್ಮ ಪೋಸ್ಟರ್ ನೋಡಿ ನೀವಾದ್ರೂ ಹತ್ತುತೀರೇನೋ ಅಂತ ಇಷ್ಟು ದಿನ ಕಾದೆ. ನಾಳೆ ಒಂದನೇ ಮಹಡೀಲಿ ಬಾಗಿಲು ತೆಗ್ದು ಕಾಯ್ತಿರ್ತೀನಿ."