ಕಲ್ಲು ಎಳೆದ ಕೋಣಗಳು

ಕಾದ ಎಣ್ಣೆಗೆ ಹಿಟ್ಟು ಮೆತ್ತಿದ ಮೆಣಸಿನಕಾಯಿ ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ಇಂದು ಬೆಳಿಗ್ಗೆ ಅದು ಅಡುಗೆಮನೆಯಿಂದ ಬಂದದ್ದೇ, ಓದುತ್ತಿದ್ದ ಪೇಪರು ಕೈಜಾರಿತು. ರಾಯಚೂರಿನವರಿಗೆ ಮಿರ್ಚಿಯ ಜೊತೆ ಮಂಡಕ್ಕಿ ಒಗ್ಗರಣೆ ನೆನಪಾಗುತ್ತದೆ. ನನಗೆ ಕೋಣಗಳು ನೆನಪಾಗುತ್ತವೆ.

ಎಪ್ಪತ್ತರ ದಶಕದ ಕೊನೆ. ಧಾರವಾಡದಲ್ಲಿ ಎಂ.ಎ. ಮುಗಿಸಿ ನಮ್ಮೂರು ರಾಯಚೂರಿಗೆ ಮರಳುವಾಗ ಪದವಿಯ ಜೊತೆಗೆ ಒಂದು ಚಟವನ್ನೂ ತಂದಿದ್ದೆ. ಯಾರು ಏನು ಕೇಳಿದರೂ ‘ಇರಬಹುದು’ ಎನ್ನುವುದು. ಸಾಕ್ಷ್ಯವಿಲ್ಲದೆ ಹೌದು ಎನ್ನಬಾರದೆಂದು ಕಲಿತಿದ್ದೆನಲ್ಲ! ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ಅವ್ವ ಕೇಳಿದರೂ ಅದೇ ಉತ್ತರ.

ಮಾನ್ವಿ ಕಡೆಯ ಕುರ್ಡಿಗೆ ಹೆಣ್ಣು ನೋಡಲು ಹೋದೆವು. ಹುಡುಗಿ ಚಹಾ ಕೊಟ್ಟು, ನನ್ನನ್ನು ನೇರವಾಗಿ ಒಮ್ಮೆ ನೋಡಿ ಒಳಗೆ ಹೋದಳು. ಆ ಒಂದು ನೋಟಕ್ಕೇ ಸೋತುಬಿಟ್ಟಿದ್ದೆ. ಆದರೆ ಹಿರಿಯರು “ಹುಡುಗಿ ಮನಸಿಗೆ ಬಂದ್ಲೇನ್ರಿ?” ಎಂದಾಗ ಬಾಯಿಂದ ಹೊರಟದ್ದು: “ಬಂದಿರಬಹುದು.”

ಹಿರಿಯರು ಮುಖ ಮುಖ ನೋಡಿಕೊಂಡು, ತಿಳಿಸುತ್ತೇವೆಂದು ನಮ್ಮನ್ನು ಕಳಿಸಿದರು.

ಕೆಲವು ದಿನಗಳ ಮೇಲೆ ಹುಡುಗಿಯ ಸೋದರಮಾವ ಭೀಮಣ್ಣ ನಮ್ಮ ಮನೆಗೆ ಬಂದ. ಕೋಣ, ಎಮ್ಮೆ ಸಾಕಿಕೊಂಡಿದ್ದ ಮನುಷ್ಯ. ಅಪ್ಪ ನನ್ನನ್ನು ಹಿತ್ತಲಿಗೆ ಕರೆದು, “ಇವಗ ಊರು ತೋರಿಸಿ, ಹೊಟ್ಟಿತುಂಬ ತಿನಿಸಿ ಕಳಸು. ಇವ ಒಲ್ಲೆ ಅಂದ್ರ ಮುಗೀತು, ಆ ಹುಡುಗಿ ನಿನಗಿಲ್ಲ,” ಎಂದರು.

ಮೊದಲು ದೇವಸುಗೂರು. ಕೃಷ್ಣೆಯಲ್ಲಿ ಮುಳುಗೆದ್ದು, ಗುಡಿಯ ಮುಂದೆ ಭೀಮಣ್ಣ ಕೇಳಿದ: “ದೇವರ ಮ್ಯಾಲ ನಂಬಿಕಿ ಅದನೋ ಇಲ್ಲೋ?”

“ಇರಬಹುದ್ರಿ.”

ಆತ ಒದ್ದೆ ಧೋತರ ಹಿಂಡುತ್ತಾ, “ನೀವು ಜೀವಂತ ಇರೋದರ ಖಾತ್ರಿಯರ ಅದ ಏನ್ರಿ?” ಎಂದ.

ಏನಾದರೂ ಮಾಡಿ ಆತನನ್ನು ಒಲಿಸಿಕೊಳ್ಳಬೇಕಿತ್ತು. ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಹೇಳಿಬಿಟ್ಟೆ: ನಮ್ಮೂರ ಕೋಟೆಯ ಗೋಡೆಯಲ್ಲಿ ಭಾರಿ ಉದ್ದದ ಕಲ್ಲೊಂದಿದೆ, ಅದನ್ನು ಬಂಡಿಗೆ ಹೇರಿ ಕೋಣಗಳು ಎಳೆದು ತಂದ ಚಿತ್ರವನ್ನು ಆ ಕಲ್ಲಿನ ಮೇಲೆಯೇ ಕೊರೆದಿದ್ದಾರೆ ಎಂದು. ಭೀಮಣ್ಣ ಸೆಟೆದು ಕೂತ. “ಕ್ವಾಣ? ತೋರಸ್ರಿ ಮತ್ತ.”

ಕೋಟೆ ಹತ್ತಿರವಾದಂತೆ ನನಗೇ ಅನುಮಾನ. ಆ ಚಿತ್ರವನ್ನು ನೋಡಿದ್ದು ಚಿಕ್ಕಂದಿನಲ್ಲಿ, ಅಪ್ಪನ ಹೆಗಲ ಮೇಲೆ ಕೂತು. ನಿಜಕ್ಕೂ ನೋಡಿದ್ದೆನೆ? ಯಾರೋ ಹೇಳಿದ್ದನ್ನು ನೋಡಿದೆನೆಂದು ಅಂದುಕೊಂಡಿದ್ದೆನೆ? ನೆತ್ತಿಯ ಮೇಲೆ ಬಿಸಿಲು. ಕಲ್ಲು ಸಿಕ್ಕಿತು, ಅದರ ಮೇಲೆ ಕೊರೆದ ಅಕ್ಷರಗಳೂ ಇದ್ದವು. ಕೋಣಗಳಿಲ್ಲ. ಗೋಡೆಗೆ ಮುಖ ಹಚ್ಚಿ ಹುಡುಕಿದೆ. ಹಿಂದಿನಿಂದ ಭೀಮಣ್ಣ, “ಮೇಯಾಕ ಹೋಗ್ಯಾವೇನ್ರಿ?” ಎಂದ.

ಆಗ ಒಂದು ಕೊಂಬು ಕಂಡಿತು. ಆಮೇಲೆ ಬೆನ್ನು, ಅದರ ಮುಂದೆ ಇನ್ನೊಂದು ಬೆನ್ನು, ಒಂದು ಸಾಲಿಗೆ ಸಾಲೇ.

“ಅದ! ಅದ ನೋಡ್ರಿ! ಅದಾವ!” ಕೂಗಿಬಿಟ್ಟೆ.

ಭೀಮಣ್ಣ ಬಗ್ಗಿ ನೋಡಿ, ಆ ಕಲ್ಲಿನ ಬೆನ್ನುಗಳ ಮೇಲೆ ಅಂಗೈ ಆಡಿಸಿ, “ಪಾಪ, ಎಷ್ಟ ದುಡದಾವ,” ಎಂದ. ಆಮೇಲೆ ನನ್ನತ್ತ ತಿರುಗಿ, “ಹುಡುಗಿದೂ ಹಿಂಗ ಒಂದ್ಸಲ ಹೇಳಿಬಿಡ್ರಿ.”

“ಮನಸಿಗೆ ಬಂದಾಳ್ರಿ.”

ಅಷ್ಟು ಹೇಳಿದ ಮೇಲೆ ಮೈ ಎಷ್ಟು ಹಗುರಾಯಿತೆಂದರೆ, ಪೇಟೆಯ ಅಂಗಡಿಯಲ್ಲಿ ಒಗ್ಗರಣೆ ಮುಕ್ಕುತ್ತಾ ಖಾರದ ಮಿರ್ಚಿಗೆ ಇಬ್ಬರೂ ಮೂಗು ಒರೆಸಿಕೊಂಡು ನಕ್ಕೆವು. ನಕ್ಕೆವು ಎಂದು ನನ್ನ ನೆನಪು. ಇಷ್ಟು ವರ್ಷ ಹೇಳಿ ಹೇಳಿ ಈ ಕಥೆ ತಾನೇ ನುಣುಪಾಗಿರಲೂ ಸಾಕು. ಕೂಗಿದ್ದು ನಿಜವೇ? ಭೀಮಣ್ಣ ಈಗಿಲ್ಲ. ಆತ ಊರಿಗೆ ಹೋಗಿ ಹೇಳಿದ್ದನ್ನು ಕೇಳಿಸಿಕೊಂಡವಳನ್ನು ವಿಚಾರಿಸಲು ನನಗೆ ಇಷ್ಟು ದಿನ ಧೈರ್ಯವಿರಲಿಲ್ಲ. ಸುಳ್ಳೆಂದರೆ ಕಳೆದುಕೊಳ್ಳುವುದು ಬಹಳವಿತ್ತು.

ಇಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟೆ. “ನಿಮ್ಮ ಮಾವ ಅವತ್ತು ಊರಿಗೆ ಬಂದು ಏನಂದ?”

ಹೆಂಡತಿ ಎಣ್ಣೆಯಿಂದ ಕಣ್ಣು ತೆಗೆಯದೆ ಹೇಳಿದಳು: “ಕ್ವಾಣ ನೋಡಿದ ಮ್ಯಾಲ ಹುಡುಗಗ ಬಾಯಿ ಬಂತು ಅಂದ. ಕೋಟಿಯೆಲ್ಲಾ ಕೇಳೋ ಹಂಗ ಒದರಿದ್ರಂತಲ್ಲ!”

ನಾನು ಅಲ್ಲೇ ಮಣೆ ಎಳೆದುಕೊಂಡು ಕೂತೆ. ಆಕೆ ಮಿರ್ಚಿಯ ತಾಟು ಮುಂದಿಟ್ಟು, ನಾನೊಂದು ಕಚ್ಚುವವರೆಗೆ ಕಾದಳು. “ಖಾರ ಭಾಳ ಅದಾವೇನ್ರಿ?”

ಕಣ್ಣಲ್ಲಿ ನೀರು ತುಂಬಿತ್ತು.

“ಅದಾವ,” ಎಂದೆ.