ರುದ್ರಪ್ಪ ಮೇಸ್ತ್ರಿ ಮುಕಾದಮಿಕೆ ಕೊಟ್ಟದ್ದು

ನಾನು ನಿಂತಿದ್ದು ಕಲ್ಲುಖಣಿಯಿಂದ ಇನ್ನೂರು ಹೆಜ್ಜೆ ದೂರ, ತೊರಗಲ್ ದಾರಿಯ ಎಡಕ್ಕಿದ್ದ ದೊಡ್ಡ ಬಂಡೆಯ ಹಿಂದೆ. ರಾಮದುರ್ಗ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಯುಗಾದಿ ಮುಗಿದ ವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ. ನನ್ನ ಬಲಕ್ಕೆ ರುದ್ರಪ್ಪ ಮೇಸ್ತ್ರಿ ಅಂಗೈಯನ್ನು ಕಿವಿಗೆ ಆನಿಸಿಕೊಂಡು ಕೂತಿದ್ದರು.

ಇಪ್ಪತ್ತು ವರ್ಷ ಬಂಡೆಗೆ ಮದ್ದಿಟ್ಟು ಸುರಂಗ ಹಾರಿಸಿ ಅವರ ಕಿವಿ ಮಂದವಾಗಿದ್ದವು. ರಸ್ತೆಗೆ ಕಲ್ಲು ಒಡೆಯುವ ನಮ್ಮ ಎಂಟು ಜನರ ತಂಡಕ್ಕೆ ಕೆಲಸ ಹೇಳಿ ನಡೆಸುವ ಮುಕಾದಮರು ಅವರೇ. ಎಷ್ಟು ಕುಳಿಗೆ ಮದ್ದು ತುಂಬಿದೆಯೋ ಅಷ್ಟು ಸದ್ದು ಆಗುವವರೆಗೆ ಯಾರೂ ಖಣಿಯೊಳಗೆ ಕಾಲಿಡುವಂತಿರಲಿಲ್ಲ. ಪ್ರತಿಸಲವೂ ಅವರು, ನೀರು ತರುವವಳನ್ನೂ ಬಿಡದೆ, ಒಬ್ಬೊಬ್ಬರನ್ನೇ ಕೇಳುತ್ತಿದ್ದರು: "ಎಷ್ಟ ಆದವು?" ಮುದುಕನ ಚಟವೆಂದು ನಾವು ನಗುತ್ತಿದ್ದೆವು.

ಮುಕಾದಮಿಕೆ ಬಿಟ್ಟು ಊರಿಗೆ ಹೋಗುತ್ತೇನೆಂದು ಅವರು ಹೇಳಿಯಾಗಿತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಹಾಜರಿ ಬರೆಯುತ್ತಿದ್ದವನು ನಾನೊಬ್ಬನೇ. ಅದು ನನಗೇ ಬರುತ್ತದೆಂದು ಮನೆಯಲ್ಲೂ ಹೇಳಿದ್ದೆ.

ಅಂದು ತುಂಬಿದ್ದು ಆರು ಕುಳಿ. ಕೊನೆಯ ಎರಡು ಒಟ್ಟಿಗೇ ಹಾರಿದಂತೆ ನನಗೆ ಅನಿಸಿತು.

"ಆರೂ ಆದವ್ರಿ," ಎಂದೆ. ಕುಳಿ ಕೊರೆಯುವ ವೀರಭದ್ರನೂ ಆರೆಂದ.

ಕಲ್ಲು ಹೊರುವ ಗಂಗವ್ವ, "ನಾ ಐದ ಕೇಳೇನ್ರಿ. ಆರನೇದ್ದು ಆತೋ ಇಲ್ಲೋ ಗೊತ್ತಿಲ್ಲ," ಎಂದಳು.

"ಮಗಳ ಮದವಿ ಚಿಂತ್ಯಾಗ ಒಂದ ನುಂಗಿಬಿಟ್ಟಿ, ಅಕ್ಕಾ," ಎಂದು ವೀರಭದ್ರ ಎದ್ದ. "ನಡೀರಿ, ಬಿಸಲು ಏರಾಕ ಹತ್ತೈತಿ."

"ಕುಂದ್ರೋ," ಎಂದ ಮೇಸ್ತ್ರಿ ನನ್ನ ಕಡೆ ತಿರುಗಿದರು. "ಆರು ಕೇಳಿದ್ಯೋ, ಕೇಳಿದಂಗಾತೋ?"

"ಕೇಳೇನ್ರಿ."

ಆದರೂ ಮೇಸ್ತ್ರಿ ಯಾರನ್ನೂ ಏಳಗೊಡಲಿಲ್ಲ. ಎಲೆಅಡಿಕೆ ಅಗಿದು ಉಗುಳುವಷ್ಟು ಹೊತ್ತಾಯಿತು. ವೀರಭದ್ರ ಬೇಸತ್ತು, ಅವರ ಮಾತು ಮೀರಿ ಖಣಿಯ ಕಡೆ ಹತ್ತು ಹೆಜ್ಜೆ ನಡೆದಿದ್ದಾಗ ಆರನೆಯದು ಹಾರಿತು. ಪುಡಿಗಲ್ಲು ನಮ್ಮ ಬಂಡೆಯವರೆಗೂ ಬಂದು ಬಿತ್ತು. ಯಾರಿಗೂ ಗಾಯವಾಗಲಿಲ್ಲ.

ಮರುದಿನ ಮೇಸ್ತ್ರಿ ಮುಕಾದಮಿಕೆಯನ್ನು ಗಂಗವ್ವನಿಗೆ ಕೊಟ್ಟರು. ಗಂಡಸರು ಗೊಣಗಿದರು. "ನನಗ ಓದಾಕ ಬರಿಯಾಕ ಬರೂದಿಲ್ರಿ," ಎಂದು ಅವಳೇ ಹಿಂಜರಿದಳು.

"ಬರಿಯಾಕ ಇಂವ ಅದಾನ. ನೀ ಕೇಳು," ಎಂದು ಮೇಸ್ತ್ರಿ ನನ್ನನ್ನು ತೋರಿಸಿದರು.

ಸಂಜೆ ಅವರು ಗಂಟು ಕಟ್ಟುವಾಗ, ನನಗೇಕೆ ಕೊಡಲಿಲ್ಲವೆಂದು ಕೇಳಿದೆ. "ಎಣಿಕಿ ತಪ್ಪಿದ್ದಕ್ಕಲ್ಲ, ತಮ್ಮಾ. ನನಗೂ ತಪ್ಪತೈತಿ. ಎರಡನೇ ಸಲ ಕೇಳಿದಾಗ ನೀ ನನ್ನ ಮಾರಿ ನೋಡಲಿಲ್ಲ."

ಅವರು ಸವದತ್ತಿ ಕಡೆಯ ಬಸ್ಸು ಹತ್ತಿದರು. ಮರುವರ್ಷದ ಮಳೆಗಾಲಕ್ಕೆ ಮುಂಚೆಯೇ ತೀರಿಕೊಂಡರೆಂದು ತಿಳಿಯಿತು.

ಆ ಎಂಟು ಜನರಲ್ಲಿ ನಾನಲ್ಲದೆ ಈಗ ಇರುವವರು ಇಬ್ಬರು. ಸುರೇಬಾನದ ವೀರಭದ್ರ, ಅಂದು ತಾನು ಐದೆಂದೇ ಹೇಳಿದ್ದೆನೆನ್ನುತ್ತಾನೆ. ಇನ್ನೊಬ್ಬಳು ಗಂಗವ್ವ, ತೊರಗಲ್ಲಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ನಾನು ಏನೆಂದಿದ್ದೆನೆಂದು ಅವಳಿಗೆ ಗೊತ್ತು.