ಕೆಂಪು ಬೊಟ್ಟಿನ ಗೇರ್‌ಬಾಕ್ಸ್

ಗ್ಯಾರೇಜಿನವರು ಬೆನ್ನ ಹಿಂದೆ ಪತ್ತೇದಾರ ಮಾವ ಎಂದು ಕರೆಯುವ ಈ ಮನುಷ್ಯ ತಾನೇ ಹಾಕಿದ ಬೀಗವನ್ನೂ ಮತ್ತೆ ಮತ್ತೆ ಜಗ್ಗಿ ನೋಡುವ ಪೈಕಿ. ಬಸ್ಸಿನಲ್ಲಿ ಕೂತರೆ ಡ್ರೈವರ್ ಮೇಲೇ ಕಣ್ಣಿಟ್ಟು, ತನ್ನ ಕಾಲ ಬಳಿ ಇಲ್ಲದ ಬ್ರೇಕನ್ನು ತುಳಿಯುತ್ತಿರುತ್ತಾನೆ. ತನ್ನ ಹಳೇ ಡೀಸೆಲ್ ಪಿಕಪ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲೇ, ಯಾರೂ ಸಾಮಾನು ಅದಲುಬದಲು ಮಾಡದಿರಲೆಂದು ಹೆಂಡತಿಯ ನೇಲ್ ಪಾಲಿಶ್ ತಂದು ಒಂದೊಂದು ಬೋಲ್ಟಿಗೂ ಕೆಂಪು ಬೊಟ್ಟಿಟ್ಟ. ಹೊಸ ಗೇರ್‌ಬಾಕ್ಸ್ ಕೊಳ್ಳುವ ತಾಕತ್ತಿಲ್ಲ. ಒಳಗಿನ ಸವೆದ ಪ್ಲೇಟುಗಳ ಜಾಗಕ್ಕೆ ಗಟ್ಟಿಯವು, ಜೊತೆಗೆ ಗೇರ್‌ಬಾಕ್ಸ್ ಬಿಸಿಯೇರದಿರಲೆಂದು ಗುಜರಿಯಲ್ಲಿ ಸಿಕ್ಕ ಯಾವುದೋ ಲಾರಿಯ ದೊಡ್ಡ ಆಯಿಲ್ ಕೂಲರ್, ಅಷ್ಟೇ. ಆ ಕೂಲರನ್ನೂ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ಹೊಡೆಸಿ, ಗುಳ್ಳೆ ಏಳುತ್ತದೆಯೇ ಎಂದು ಬೆಕ್ಕಿನ ಹಾಗೆ ಕಾದು ಕೂತ. ಆಯಿಲ್ ಡಬ್ಬಿಯ ಸೀಲ್ ನೋಡಿ, ‘ಇಷ್ಟು ನೀಟಾಗಿದೆ ಅಂದ್ರೆ ಏನೋ ಇದೆ’ ಎಂದ. ‘ಯಜಮಾನ್ರೇ, ಕಡಿಮೇಲಿ ಮುಗೀಬೇಕು ಅಂದ್ರೆ ಎಡಗಾಲಲ್ಲಿ ಕ್ಲಚ್ ಒತ್ತೋ ಮಾಮೂಲಿ ಗೇರ್ ಹಾಕಿಸಿಬಿಡಿ’ ಎಂದು ಮೇಸ್ತ್ರಿ ಅಂದರೆ, ‘ಅದ್ರಲ್ಲಿ ನಿನಗೇನು ಲಾಭ?’ ಎಂದು ಕಣ್ಣು ಕಿರಿದು ಮಾಡಿದ. ಗಾಡಿ ತಯಾರಾದ ದಿನ ಅದರಡಿ ತೂರಿ ಬೊಟ್ಟುಗಳನ್ನೆಲ್ಲ ನೋಡಿಕೊಂಡ ಮೇಲೆಯೇ ಹೆಂಡತಿಯನ್ನು ಕರೆತಂದ. ಎಡಗಾಲು ಸ್ವಾಧೀನವಿಲ್ಲದ ಆಕೆ ಊರುಗೋಲನ್ನು ಅವನ ಕೈಗೆ ಕೊಟ್ಟು ಸ್ಟೇರಿಂಗ್ ಹಿಂದೆ ಕೂತಳು. ‘ನಾನು ಓಡಿಸಿದ್ರೆ ನಿಮಗೆ ಭಯ ಇಲ್ವಾ?’ ಅಂದಳು. ‘ಸುಮ್ನೆ ನಡಿಯೇ’ ಎಂದ ಪತ್ತೇದಾರ ಮಾವ, ಗಾಡಿ ಬೀದಿಯ ತಿರುವು ದಾಟುವಷ್ಟರಲ್ಲಿ ಊರುಗೋಲನ್ನು ತಬ್ಬಿಕೊಂಡು ಗೊರಕೆ ಹೊಡೆಯುತ್ತಿದ್ದ.